ದಾಂಪತ್ಯದಲ್ಲಿ ಉಪಕಾರ ಸ್ಮರಣೆ



ಕಾರಹುಣ್ಣಿಮೆಯ ದಿನ ಉತ್ತರ ಕರ್ನಾಟಕದ ರೈತನು ಎತ್ತುಗಳ ಮೈ ತೊಳೆದು, ಕೊಂಬುಗಳಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟಿ ಅವುಗಳನ್ನು ಊರಲ್ಲಿ ಮೆರೆಸುತ್ತಾನೆ. ಹಳೆಯ ಮೈಸೂರಿನ ಕಡೆ ಈ ಗೌರವವು ಸಂಕ್ರಾಂತಿಯಂದು ದನಕರುಗಳಿಗೆ ಸಲ್ಲುತ್ತದೆ. ಮಹಾನವಮಿ ಬಂದಾಗ ನೇಗಿಲು, ಕುಡುಗೋಲುಗಳೂ, ಈಚಿನ ದಿನಗಳಲ್ಲಿ ಪಂಪುಸೆಟ್ಟು, ಟ್ರ್ಯಾಕ್ಟರುಗಳೂ ಅರಿಶಿನ ಕುಂಕುಮವನ್ನು ಕಾಣುತ್ತವೆ. ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆಯಂದು ತೆನೆ ತುಂಬುತ್ತಿರುವ ಗದ್ದೆಯನ್ನು ಬಸುರಿ ಹೆಂಗಸೆಂದೇ ಬಗೆದು, ಬೆಳಗಿನ ಜಾವದಲ್ಲಿ ಅಡುಗೆಯನ್ನು ಹೊತ್ತೊಯ್ದು ಅವಳಿಗೆ ಬಯಕೆಯೂಟ ಬಡಿಸುತ್ತಾರೆ. ದುಡಿದ ಜೀವಕ್ಕೂ, ದುಡಿಸಿಕೊಂಡ ಮಣ್ಣಿಗೂ ಕೃತಜ್ಞತೆ ಸಲ್ಲಿಸುವ ಈ ಪದ್ಧತಿ ನಮ್ಮ ಹಿರಿಯರಿಂದ ನಡೆದುಬಂದಿದೆ. 'ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ' ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಯಾರಿದ್ದಾರೆ?

ಆದರೆ ಒಂದು ಮಾತನ್ನು ಯೋಚಿಸಿರಿ. ಭೂಮಿ ಹುಣ್ಣಿಮೆಯ ಹಿಂದಿನ ರಾತ್ರಿಯೆಲ್ಲ ನಿದ್ದೆಗೆಟ್ಟು ಆ ಅಡುಗೆಯನ್ನು ಸಿದ್ಧಪಡಿಸಿದವರು ಯಾರು? ಅವರಿಗೆ ಯಾರಾದರೂ ಒಂದು ಒಳ್ಳೆಯ ಮಾತು ಹೇಳಿದರೇ? ಎತ್ತಿಗೆ ವರ್ಷಕ್ಕೊಂದು ದಿನವಾದರೂ ಹಬ್ಬವಿದೆ. ಒಂದೇ ಸೂರಿನಡಿಯಲ್ಲಿ ಹತ್ತಿಪ್ಪತ್ತು ವರ್ಷ ಜೊತೆಯಾಗಿ ದುಡಿದ ಗಂಡ ಹೆಂಡಿರು ಒಬ್ಬರಿಗೊಬ್ಬರು ಉಪಕಾರ ನೆನೆಯುವುದಕ್ಕೆ ಪಂಚಾಂಗದಲ್ಲಿ ದಿನವೇ ಇಲ್ಲ. ಈ ಪಾಠವು ಆ ವಿಷಯವನ್ನು ಕುರಿತದ್ದು.

ಕಣ್ಣ ಮುಂದಿದ್ದೂ ಕಾಣದ ಕೆಲಸ

ಮನುಷ್ಯನ ಮನಸ್ಸಿಗೆ ಒಂದು ಸ್ವಭಾವವುಂಟು. ಹೊಸದಾಗಿ ಬಂದದ್ದನ್ನು ಅದು ಗಮನಿಸುತ್ತದೆ. ನಿತ್ಯವೂ ಇರುವುದನ್ನು ಮರೆಯುತ್ತದೆ. ಮನೆಗೆ ನಲ್ಲಿ ಬಂದ ಮೊದಲ ವಾರ ಎಲ್ಲರೂ ಅದನ್ನು ಕೊಂಡಾಡುತ್ತಾರೆ. ಆರು ತಿಂಗಳ ಮೇಲೆ ನೀರು ಬಾರದ ದಿನ ಮಾತ್ರ ನಲ್ಲಿಯ ಮಾತು ಬರುತ್ತದೆ, ಅದೂ ಬೈಗುಳದೊಡನೆ. ದಾಂಪತ್ಯದಲ್ಲಿ ನಡೆಯುವುದೂ ಹೀಗೆಯೇ. ಮುನ್ನೂರು ದಿನ ಸಾರು ಹದವಾಗಿದ್ದರೆ ಯಾರೂ ಏನೂ ಹೇಳುವುದಿಲ್ಲ. ಒಂದು ದಿನ ಉಪ್ಪು ಹೆಚ್ಚಾದರೆ ತಟ್ಟೆ ಸದ್ದಾಗುತ್ತದೆ.

ಒಂದು ಸಾಧಾರಣ ಮನೆಯನ್ನು ಊಹಿಸಿಕೊಳ್ಳಿರಿ. ಹೆಂಡತಿ ಐದು ಗಂಟೆಗೆ ಎದ್ದು ಕಸಮುಸುರೆ, ಸಗಣಿ, ನೀರು, ಹಾಲು ಕರೆಯುವುದು, ಮಕ್ಕಳ ಬುತ್ತಿ, ಅತ್ತೆಯ ಔಷಧ ಇವೆಲ್ಲವನ್ನೂ ಮುಗಿಸಿ ಹೊಲಕ್ಕೆ ಹೋಗುತ್ತಾಳೆ. ಸಂಜೆ ಮರಳಿ ಬಂದು ಪುನಃ ಒಲೆಯ ಮುಂದೆ ಕೂರುತ್ತಾಳೆ. ಕೇಂದ್ರ ಸರ್ಕಾರವು 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ತೊಡಗಿದ ಗಂಡಸರು ಕೊಡುತ್ತಿದ್ದುದು 97 ನಿಮಿಷ. ಅದರಲ್ಲಿಯೂ ಮನೆಗೆಲಸಕ್ಕೆ ಕೈಹಾಕುತ್ತಿದ್ದ ಗಂಡಸರು ನಾಲ್ವರಲ್ಲಿ ಒಬ್ಬರಷ್ಟೇ. 299 ನಿಮಿಷವೆಂದರೆ ಐದು ಗಂಟೆಗೆ ಒಂದೇ ನಿಮಿಷ ಕಡಿಮೆ. ಇಷ್ಟು ದುಡಿದ ಮೇಲೂ 'ನಿಮ್ಮ ಮನೆಯವರು ಏನು ಮಾಡುತ್ತಾರೆ?' ಎಂದು ಯಾರಾದರೂ ಕೇಳಿದರೆ 'ಮನೆಯಲ್ಲೇ ಇರುತ್ತಾಳೆ' ಎಂಬ ಉತ್ತರ ಬರುವುದುಂಟು.

ಗಂಡನ ಕಡೆಯೂ ಹೀಗೆ ಕಾಣದ ದುಡಿಮೆಯಿದೆ. ಪಂಪುಸೆಟ್ಟಿಗೆ ರಾತ್ರಿಯ ಪಾಳಿಯಲ್ಲಿ ಕರೆಂಟು ಬರುವ ಊರುಗಳಲ್ಲಿ ಆತನು ಕತ್ತಲೆಯಲ್ಲಿ ಬ್ಯಾಟರಿ ಹಿಡಿದು, ಹಾವು ಚೇಳುಗಳ ನಡುವೆ ಮಡಿಯಿಂದ ಮಡಿಗೆ ನೀರು ತಿರುಗಿಸುತ್ತಾನೆ. ಮನೆಯವರೆಲ್ಲ ಮಲಗಿರುವ ಹೊತ್ತಿನಲ್ಲಿ ನಡೆಯುವ ಆ ಕೆಲಸವನ್ನು ನೋಡಿದವರಿಲ್ಲ. ಸೊಸೈಟಿಯ ಸಾಲದ ಕಂತು ಸಮೀಪಿಸಿದಾಗ ಆತನು ಮಾತು ಕಡಿಮೆ ಮಾಡುತ್ತಾನೆ. 'ಇವರಿಗೆ ಮುಖ ಊದಿಸಿಕೊಳ್ಳುವುದೇ ಕೆಲಸ' ಎಂದು ಹೆಂಡತಿ ನೊಂದುಕೊಳ್ಳುತ್ತಾಳೆ. ಕಂತಿನ ಸಂಗತಿ ಆಕೆಗೆ ತಿಳಿದೇ ಇಲ್ಲ.

1979ರಲ್ಲಿ ಕೆನಡಾ ದೇಶದ ಇಬ್ಬರು ಮನಶ್ಶಾಸ್ತ್ರಜ್ಞರು, ಮೈಕೆಲ್ ರಾಸ್ ಮತ್ತು ಫಿಯೋರೆ ಸಿಕೋಲಿ ಎಂಬವರು, ಒಂದು ಸ್ವಾರಸ್ಯವಾದ ಅಧ್ಯಯನವನ್ನು ಪ್ರಕಟಿಸಿದರು. 37 ದಂಪತಿಗಳಲ್ಲಿ ಗಂಡನನ್ನೂ ಹೆಂಡತಿಯನ್ನೂ ಬೇರೆ ಬೇರೆಯಾಗಿ ಕೂರಿಸಿ, ಮನೆಯ ಇಪ್ಪತ್ತು ಬಗೆಯ ಕೆಲಸಗಳಲ್ಲಿ ನಿಮ್ಮ ಪಾಲು ಎಷ್ಟು ಎಂದು ಅವರು ಕೇಳಿದರು. ಇಬ್ಬರೂ ಹೇಳಿದ ಪಾಲುಗಳನ್ನು ಕೂಡಿಸಿದಾಗ ಬಹುಪಾಲು ಕೆಲಸಗಳಲ್ಲಿ ಮೊತ್ತವು ಇರಬೇಕಾದುದಕ್ಕಿಂತ ಹೆಚ್ಚಾಯಿತು. ಒಂದು ರೂಪಾಯಿಯಲ್ಲಿ ಗಂಡನು ಅರವತ್ತು ಪೈಸೆ ತನ್ನದೆಂದು ಹೇಳಿ, ಹೆಂಡತಿ ಐವತ್ತೈದು ಪೈಸೆ ತನ್ನದೆಂದು ಹೇಳಿದಂತೆ! ಇವರಲ್ಲಿ ಯಾರೂ ಬೇಕೆಂದು ಸುಳ್ಳು ಹೇಳಿದವರಲ್ಲ. ತಾನು ಎತ್ತಿದ ಕೊಡದ ಭಾರ ತನ್ನ ಸೊಂಟಕ್ಕೆ ಗೊತ್ತು. ಮತ್ತೊಬ್ಬರು ಎತ್ತಿದ್ದನ್ನು ಕಣ್ಣು ಕಂಡರೂ ಸೊಂಟ ನೆನಪಿಡುವುದಿಲ್ಲ. ಅಧ್ಯಯನಕಾರರು ಕೊಟ್ಟ ವಿವರಣೆಯೂ ಸುಮಾರಾಗಿ ಇದೇ. ತಾನು ಮಾಡಿದ್ದು ನೆನಪಿಗೆ ಸುಲಭವಾಗಿ ಬರುತ್ತದೆ. ಆದುದರಿಂದ ಅದು ದೊಡ್ಡದಾಗಿ ಕಾಣುತ್ತದೆ.

'ಈ ಮನೆಗೆ ನಾನೊಬ್ಬನೇ ದುಡಿಯುವುದು', 'ಈ ಮನೆಗೆ ನಾನೊಬ್ಬಳೇ ಸಾಯುವುದು' ಎಂಬ ಎರಡು ಮಾತುಗಳು ಒಂದೇ ಮನೆಯಲ್ಲಿ, ಒಂದೇ ಸಂಜೆ ಹುಟ್ಟುವುದು ಹೀಗೆ. ಮುಂದಿನ ಸಲ ಆ ಮಾತು ನಾಲಿಗೆಯ ತುದಿಗೆ ಬಂದಾಗ ಈ ರೂಪಾಯಿಯ ಲೆಕ್ಕವನ್ನು ಒಮ್ಮೆ ನೆನೆಯಿರಿ.

ಹೇಳುವ ಬಗೆ

'ಧನ್ಯವಾದ' ಎಂಬುದು ಸಭೆಯ ಮಾತು. ವೇದಿಕೆಯ ಮೇಲೆ ವಂದನಾರ್ಪಣೆಯಲ್ಲಿ ಅದು ಒಪ್ಪುತ್ತದೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ಗಂಡನು ಹೆಂಡತಿಗೆ 'ಧನ್ಯವಾದಗಳು' ಎಂದರೆ ಆಕೆ ನಕ್ಕಾಳು, ಇಲ್ಲವೆ ಏನೋ ಆಗಿದೆಯೆಂದು ಹೆದರಿಯಾಳು. ನಮ್ಮ ಮನೆಗಳಲ್ಲಿ ಉಪಕಾರವನ್ನು ಹೇಳುವ ದಾರಿಗಳೇ ಬೇರೆ. 'ಇವತ್ತು ನೀನಿಲ್ಲದಿದ್ದರೆ ಕಳೆ ಮುಗಿಯುತ್ತಿರಲಿಲ್ಲ ಕಣೇ' ಎನ್ನಬಹುದು. 'ರೀ, ರಾತ್ರಿಯೆಲ್ಲ ನೀರು ಕಟ್ಟಿದ್ದೀರಿ, ಇನ್ನೊಂದು ಗಳಿಗೆ ಮಲಗಿರಿ, ಹಾಲು ನಾನೇ ಹಾಕಿ ಬರುತ್ತೇನೆ' ಎನ್ನಬಹುದು. ಸಾರು ಚೆನ್ನಾಗಿದೆ ಎಂಬ ಎರಡು ಮಾತು ಸಾಕಾದ ದಿನಗಳೂ ಉಂಟು. ಅತ್ತೆಯ ಎದುರಿನಲ್ಲಿ, ಇಲ್ಲವೆ ತವರಿನವರ ಎದುರಿನಲ್ಲಿ ಹೇಳಿದ ಒಳ್ಳೆಯ ಮಾತು ಒಳಗೆ ಹೇಳಿದ್ದಕ್ಕಿಂತ ಹೆಚ್ಚು ತಾಕುತ್ತದೆ. ಮಾತೇ ಬಾರದವರು ಕೈಯಿಂದ ಹೇಳಬಹುದು: ಉಂಡ ತಟ್ಟೆಯನ್ನು ತಾನೇ ತೊಳೆದಿಟ್ಟರೆ ಅದೂ ಒಂದು ಭಾಷೆ.

ಹೇಳುವಾಗ ಒಂದನ್ನು ಗಮನದಲ್ಲಿಡಿರಿ. 'ನೀನು ಒಳ್ಳೆಯವಳು' ಎಂಬ ದೊಡ್ಡ ಮಾತಿಗಿಂತ 'ಮಗುವಿಗೆ ಜ್ವರ ಬಂದಾಗ ಮೂರು ರಾತ್ರಿ ಎದ್ದು ಕೂತೆ, ನಾನು ನೋಡಿದೆ' ಎಂಬ ಸಣ್ಣ ಮಾತು ಮೇಲು. ಹೊಗಳಿಕೆಯನ್ನು ಯಾರು ಬೇಕಾದರೂ ಹೇಳಬಲ್ಲರು. ತನ್ನ ಕಷ್ಟ ಇವರ ಕಣ್ಣಿಗೆ ಬಿದ್ದಿದೆ ಎಂಬ ಅರಿವು ಬೇರೆಯೇ ಸಮಾಧಾನವನ್ನು ಕೊಡುತ್ತದೆ.

ಇದರಿಂದ ಮನಸ್ಸಿಗೆ ನಿಜವಾಗಿ ಲಾಭವುಂಟೇ ಎಂದು ಕೇಳುವಿರಿ. 2003ರಲ್ಲಿ ಅಮೆರಿಕದ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲೋ ಎಂಬ ವಿದ್ವಾಂಸರು ಪ್ರಕಟಿಸಿದ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪು ಹತ್ತು ವಾರ, ವಾರಕ್ಕೊಮ್ಮೆ, ತಮಗೆ ದೊರೆತ ಉಪಕಾರಗಳಲ್ಲಿ ಐದರವರೆಗೆ ಬರೆದಿಟ್ಟಿತು. ಮತ್ತೊಂದು ಗುಂಪು ತಮ್ಮ ಕಿರಿಕಿರಿಗಳನ್ನು ಬರೆಯಿತು. ಕಿರಿಕಿರಿ ಬರೆದವರಿಗಿಂತ ಉಪಕಾರ ಬರೆದವರು ತಮ್ಮ ಬಾಳಿನ ಬಗ್ಗೆ ಹೆಚ್ಚು ಸಮಾಧಾನವನ್ನೂ, ಬರುವ ವಾರದ ಬಗ್ಗೆ ಹೆಚ್ಚು ಭರವಸೆಯನ್ನೂ ತೋರಿದರು. ಮೈಕೈ ನೋವಿನಂತಹ ದೂರುಗಳೂ ಅವರಲ್ಲಿ ಕಡಿಮೆಯಿದ್ದವು. ಇದು ಮಂತ್ರವೇನೂ ಅಲ್ಲ. ಆಮೇಲೆ ನಡೆದ ಅನೇಕ ಅಧ್ಯಯನಗಳನ್ನು ಒಟ್ಟಾಗಿ ನೋಡಿದವರು ಈ ಅಭ್ಯಾಸದ ಫಲ ಇದೆ, ಆದರೆ ಸಣ್ಣದು ಎಂದಿದ್ದಾರೆ. ಖರ್ಚಿಲ್ಲದ ಅಭ್ಯಾಸದಿಂದ ಸಣ್ಣ ಫಲ ಬಂದರೂ ಬೇಡವೆನ್ನಲು ಕಾರಣವಿಲ್ಲ.

ಬರೆಯುವುದೇ ಆಗಬೇಕೆಂದಿಲ್ಲ. ರಾತ್ರಿ ಊಟವಾದ ಮೇಲೆ ದೂರದರ್ಶನವನ್ನೂ ಮೊಬೈಲನ್ನೂ ಹತ್ತು ನಿಮಿಷ ಬದಿಗಿಟ್ಟು, ಜಗಲಿಯ ಮೇಲೆ ಕೂತು, ಆ ದಿನ ಒಬ್ಬರು ಮತ್ತೊಬ್ಬರಿಗೆ ಮಾಡಿದ ಒಂದು ಕೆಲಸವನ್ನು ನೆನಪಿಸಿಕೊಳ್ಳಿರಿ. ಪ್ರತಿದಿನವೂ ಮಾಡಿದರೆ ಇದೂ ಬಾಯಿಪಾಠವಾಗಿ ರುಚಿ ಕೆಡಬಹುದು. ವಾರಕ್ಕೆರಡು ಬಾರಿ, ಸಂತೆಯ ದಿನ ಮತ್ತು ಇನ್ನೊಂದು ದಿನ, ಎಂದಿಟ್ಟುಕೊಂಡರೂ ಸಾಕು. ಮಕ್ಕಳು ಪಕ್ಕದಲ್ಲಿ ಕೂತಿದ್ದರೆ ಕೂರಲಿ; ಅವರು ಕೇಳಿ ಕಲಿಯುವುದು ಬಹಳವಿದೆ.

ಆಯ್ದಕ್ಕಿ ಲಕ್ಕಮ್ಮ ಮಾರಯ್ಯರು

ತೃಪ್ತಿಯ ಮಾತು ಬಂದಾಗ ಹನ್ನೆರಡನೆಯ ಶತಮಾನದ ಒಂದು ದಂಪತಿಯನ್ನು ನೆನೆಯದೆ ಮುಂದೆ ಹೋಗಲಾಗದು. ಕಲ್ಯಾಣದಲ್ಲಿ ಮಾರಯ್ಯನ ಕಾಯಕ ಬಸವಣ್ಣನವರ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು. ಅದನ್ನು ಅಡುಗೆ ಮಾಡಿ ದಾಸೋಹ ನಡೆಸುವವಳು ಲಕ್ಕಮ್ಮ. ಒಮ್ಮೆ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿ ತಂದನಂತೆ. ಲಕ್ಕಮ್ಮ ಅದನ್ನು ನೋಡಿದ ಕೂಡಲೇ, ನಮಗೆ ದಿನಕ್ಕೆ ಬೇಕಾದುದು ಇಷ್ಟೇ, ಹೆಚ್ಚಿನದನ್ನು ಅಲ್ಲಿಯೇ ಚೆಲ್ಲಿ ಬಾ ಎಂದಳು. ಮಾರಯ್ಯ ಮರುಮಾತಿಲ್ಲದೆ ಹಿಂದಿರುಗಿಸಿ ಬಂದನು. ಇನ್ನೊಮ್ಮೆ ಆತನು ಅನುಭಾವದ ಮಾತುಕತೆಯಲ್ಲಿ ಮೈಮರೆತು ಕೂತಾಗ, ಕಾಯಕದ ಹೊತ್ತು ಮೀರುತ್ತಿದೆಯೆಂದು ಎಬ್ಬಿಸಿದವಳೂ ಅವಳೇ.

ಈ ಕಥೆಯನ್ನು ಸಾಮಾನ್ಯವಾಗಿ ಅಲ್ಪತೃಪ್ತಿಗೆ ಉದಾಹರಣೆಯಾಗಿ ಹೇಳುತ್ತಾರೆ. ಅದು ಸರಿಯೇ. ಆದರೆ ಇದರಲ್ಲಿ ದಂಪತಿಗಳು ಗಮನಿಸಬೇಕಾದ ಮತ್ತೊಂದು ಸಂಗತಿಯಿದೆ. ತನ್ನ ವಚನಗಳ ಅಂಕಿತದಲ್ಲಿಯೇ 'ಮಾರಯ್ಯಪ್ರಿಯ' ಎಂದು ಗಂಡನ ಹೆಸರನ್ನು ಇಟ್ಟುಕೊಂಡವಳು ಲಕ್ಕಮ್ಮ. ಅಂತಹವಳು ಗಂಡನು ತಪ್ಪಿದಾಗ ಸುಮ್ಮನಿರಲಿಲ್ಲ. ಮಾರಯ್ಯನೂ 'ಹೆಂಗಸು ನನಗೆ ಹೇಳುವುದೇ' ಎಂದು ಸಿಡಿಯಲಿಲ್ಲ. ಪ್ರೀತಿಯೂ ಇತ್ತು, ತಿದ್ದುವ ಅಧಿಕಾರವೂ ಇತ್ತು. ಕೃತಜ್ಞತೆಯೆಂದರೆ ಬಾಯಿ ಮುಚ್ಚಿಕೊಂಡಿರುವುದು ಎಂಬ ತಿಳಿವಳಿಕೆಗೆ ಈ ಮನೆಯಲ್ಲಿ ಜಾಗವಿರಲಿಲ್ಲ.

ಈ ತಿಳಿವಳಿಕೆ ಇಂದಿಗೂ ನಮ್ಮಲ್ಲಿ ಅನೇಕ ಮನೆಗಳನ್ನು ಕೆಡಿಸುತ್ತಿರುವುದರಿಂದ ಮುಂದಿನ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿರಿ.

'ಇವಳಿಗೇನು ಕೊರತೆ?'

'ಉಣ್ಣಲು ಇದೆ, ಉಡಲು ಇದೆ, ಇವಳಿಗೇನು ಕೊರತೆ? ಯಾವಾಗಲೂ ಸಿಡುಕು.' ಈ ಮಾತನ್ನು ನಮ್ಮ ಆರೋಗ್ಯ ಕಾರ್ಯಕರ್ತೆಯರು ಮನೆಮನೆಯಲ್ಲಿ ಕೇಳುತ್ತಾರೆ. ಉಪಕಾರವನ್ನು ನಾವು ನೆನೆಯಬೇಕೇ ಹೊರತು ಮತ್ತೊಬ್ಬರು ನೆನೆಯಲಿಲ್ಲವೆಂದು ದೂರಬಾರದು. ಸಿಡುಕು, ಮಂಕು, ಅಳು, ನಿರಾಸಕ್ತಿ ಇವು ಎಷ್ಟೋ ಸಲ ಕೃತಘ್ನತೆಯಲ್ಲ, ಕಾಯಿಲೆ.

ಮೊದಲು ರಕ್ತವನ್ನು ನೋಡಿಸಿರಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಅರ್ಧಕ್ಕೆ ಸಮೀಪದಷ್ಟು ಮಂದಿಗೆ ರಕ್ತಹೀನತೆಯಿತ್ತು. ರಕ್ತ ಕಡಿಮೆಯಾದವರಿಗೆ ಸ್ವಲ್ಪ ದುಡಿದರೂ ಏದುಸಿರು, ತಲೆಸುತ್ತು, ಕೈಕಾಲು ಸೋಲು ಬರುತ್ತದೆ. ಮನಸ್ಸು ಸುಮ್ಮಸುಮ್ಮನೆ ರೇಗುತ್ತದೆ. ಗರ್ಭಿಣಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12 ಗ್ರಾಂ, ಗರ್ಭಿಣಿಗೆ 11 ಗ್ರಾಂ, ಗಂಡಸಿಗೆ 13 ಗ್ರಾಂ ಆದರೂ ಇರಬೇಕು. ಕಬ್ಬಿಣಾಂಶದ ಮಾತ್ರೆಗಳು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ದೊರೆಯುತ್ತವೆ. ಮಾತ್ರೆಯೊಡನೆ ಕಾಫಿ, ಚಹ ಕುಡಿಯಬಾರದು. ನಿಂಬೆಹಣ್ಣಿನ ಪಾನಕ ಕುಡಿದರೆ ಒಳ್ಳೆಯದು. ಮಲ ಕಪ್ಪಗಾದರೆ ಹೆದರಿ ಮಾತ್ರೆ ನಿಲ್ಲಿಸಬೇಡಿರಿ. ಮೂರು ತಿಂಗಳ ಮಾತ್ರೆ ಮುಗಿಯುವ ಹೊತ್ತಿಗೆ 'ಸಿಡುಕಿ' ಎಂದು ಹೆಸರು ಪಡೆದವಳ ಸ್ವಭಾವವೇ ಬದಲಾದಂತೆ ಕಂಡರೆ ಆಶ್ಚರ್ಯಪಡಬೇಕಾಗಿಲ್ಲ.

ಬಾಣಂತಿಯ ಅಳುವಿನ ಬಗ್ಗೆಯೂ ತಪ್ಪು ತಿಳಿವಳಿಕೆಯಿದೆ. ಹೆರಿಗೆಯಾದ ಮೊದಲ ಕೆಲವು ದಿನ ಕಾರಣವಿಲ್ಲದೆ ಕಣ್ಣೀರು ಬರುವುದು ಅನೇಕ ತಾಯಂದಿರಲ್ಲಿ ಸಹಜ, ತಾನಾಗಿಯೇ ಹೋಗುತ್ತದೆ. ಎರಡು ವಾರ ಕಳೆದರೂ ಅದು ಹೋಗದಿದ್ದರೆ, ಮಗುವಿನ ಮೇಲೆ ಮನಸ್ಸು ಕೂರದಿದ್ದರೆ, ಮಗು ಮಲಗಿದಾಗಲೂ ತಾಯಿಗೆ ನಿದ್ದೆ ಬಾರದಿದ್ದರೆ, ಅದು ಚಿಕಿತ್ಸೆ ಬೇಡುವ ಖಿನ್ನತೆಯಿರಬಹುದು. ಗಾಳಿ, ಸೋಂಕು ಎಂದು ಅಂತ್ರ ಕಟ್ಟಿಸಿ ಕಾಲ ಕಳೆಯಬೇಡಿರಿ.

ಗಂಡಸರಿಗೂ ಖಿನ್ನತೆ ಬರುತ್ತದೆ. ಬೆಳೆ ಕೈಕೊಟ್ಟ ವರ್ಷ, ಸಾಲ ಏರಿದ ವರ್ಷ, ಆತನು ಅಳುವುದಿಲ್ಲ. ಮಾತು ಬಿಡುತ್ತಾನೆ, ಊಟ ಬಿಡುತ್ತಾನೆ, ಇಲ್ಲವೆ ಸಾರಾಯಿ ಹಿಡಿಯುತ್ತಾನೆ. ಎರಡು ವಾರಕ್ಕಿಂತ ಹೆಚ್ಚು ಕಾಲ ದಿನದ ಬಹುಭಾಗ ಮನಸ್ಸು ಕುಗ್ಗಿದ್ದರೆ, ಹಿಂದೆ ಇಷ್ಟವಾಗುತ್ತಿದ್ದುದು ಬೇಡವೆನಿಸಿದರೆ, ನಿದ್ದೆ ಹಸಿವು ಕೆಟ್ಟರೆ, 'ನಾನಿದ್ದು ಏನು ಪ್ರಯೋಜನ' ಎಂಬ ಮಾತು ಬಾಯಿಂದ ಬಂದರೆ, ಉಪದೇಶಕ್ಕೆ ಅದು ಸಮಯವಲ್ಲ. 'ನಿನಗಿರುವುದನ್ನು ನೆನೆ' ಎಂದು ಆಗ ಹೇಳುವುದು ಕಾಲು ಮುರಿದವನಿಗೆ ನಡೆ ಎಂದಂತೆ. ಜೊತೆಯಲ್ಲಿ ಕೂರಿರಿ, ಕೀಟನಾಶಕದ ಡಬ್ಬಿಗಳನ್ನು ಬೀಗದಲ್ಲಿಡಿರಿ, ಆಸ್ಪತ್ರೆಗೆ ಕರೆದೊಯ್ಯಿರಿ. ಮನಸ್ಸಿನ ಕಾಯಿಲೆಗೆ ಹಳ್ಳಿಯ ಮಟ್ಟದಲ್ಲಿಯೇ ಚಿಕಿತ್ಸೆ ಕೊಡಬಹುದೆಂಬುದನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿಯೇ ತೋರಿಸಿಕೊಟ್ಟಿತು. 1996ರಿಂದ ದೇಶದಲ್ಲಿ ಹಬ್ಬಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು, ದುಡ್ಡು ಬೀಳುವುದಿಲ್ಲ. ಖಿನ್ನತೆಯ ಔಷಧವು ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಮೂರು ದಿನ ನುಂಗಿ ಗುಣ ಕಾಣಲಿಲ್ಲವೆಂದು ಬಿಡುವುದೇ ಹೆಚ್ಚಿನವರು ಮಾಡುವ ತಪ್ಪು.

ಹೊಡೆತದ ಮಾತನ್ನೂ ಇಲ್ಲಿಯೇ ಹೇಳಬೇಕು. 'ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ' ಎಂಬ ಗಾದೆ ಮಾತಿನ ಜಗಳಕ್ಕೆ ಸಂಬಂಧಿಸಿದ್ದು. ಕೈ ಎತ್ತುವುದಕ್ಕೆ ಅದರಲ್ಲಿ ಅಪ್ಪಣೆಯಿಲ್ಲ. ಹೊಡೆಸಿಕೊಂಡೂ ಗಂಡನ ಅನ್ನಕ್ಕೆ ಋಣಿಯಾಗಿರಬೇಕೆಂದು ಹೇಳುವವರು ಹಿರಿಯರಾದರೂ ಅವರ ಮಾತು ತಪ್ಪು. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಯ ಕಾನೂನು 2006ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ಮಹಿಳಾ ಸಹಾಯವಾಣಿ 181. ಕೂಡಲೇ ಅಪಾಯವಿದ್ದರೆ 112.

ಭಾರವನ್ನು ಹಂಚಿಕೊಳ್ಳುವುದು

ಎತ್ತನ್ನು ಪೂಜಿಸಿದ ರೈತನು ಮರುದಿನ ಅದರ ಹೆಗಲಿನ ಹುಣ್ಣಿಗೆ ಮದ್ದು ಹಚ್ಚದಿದ್ದರೆ ಆ ಪೂಜೆಗೆ ಬೆಲೆಯೇನು? ಒಳ್ಳೆಯ ಮಾತಿನ ಜೊತೆಗೆ ಭಾರವೂ ಸ್ವಲ್ಪ ಈ ಹೆಗಲಿನಿಂದ ಆ ಹೆಗಲಿಗೆ ಬರಬೇಕು. ಕುಟುಂಬ ಕಲ್ಯಾಣದ ವಿಷಯದಲ್ಲಿ ಇದನ್ನು ನಾವು ನೇರವಾಗಿಯೇ ಹೇಳುತ್ತೇವೆ. ಮೇಲೆ ಹೇಳಿದ 2019–21ರ ಸಮೀಕ್ಷೆಯ ಕಾಲಕ್ಕೆ ದೇಶದ ವಿವಾಹಿತ ಹೆಂಗಸರಲ್ಲಿ ನೂರಕ್ಕೆ 37.9 ಮಂದಿ ತಾವೇ ಸಂತಾನ ನಿರೋಧ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. ಗಂಡನು ಮಾಡಿಸಿಕೊಂಡ ಕುಟುಂಬಗಳು ನೂರಕ್ಕೆ 0.3 ಮಾತ್ರ. ಹೊತ್ತವಳೂ ಅವಳೇ, ಹೆತ್ತವಳೂ ಅವಳೇ, ಆಪರೇಷನ್ನಿಗೆ ಮಲಗುವವಳೂ ಅವಳೇ.

ಗಂಡಸರ ಶಸ್ತ್ರಚಿಕಿತ್ಸೆಯು ಹೆಂಗಸರದಕ್ಕಿಂತ ಸುಲಭ. ಈಗಿನ ವಿಧಾನದಲ್ಲಿ ಕತ್ತಿಯಿಲ್ಲ, ಹೊಲಿಗೆಯಿಲ್ಲ. ಆ ಜಾಗವನ್ನಷ್ಟೇ ಮರಗಟ್ಟಿಸಿ, ಸಣ್ಣ ರಂಧ್ರದ ಮೂಲಕ ಕೆಲವೇ ನಿಮಿಷಗಳಲ್ಲಿ ಮುಗಿಸುತ್ತಾರೆ. ಅದೇ ದಿನ ಮನೆಗೆ ಬರಬಹುದು. ಎರಡು ದಿನ ವಿಶ್ರಾಂತಿ ಬೇಕು. ಒಂದು ವಾರ ಭಾರ ಎತ್ತಬಾರದು, ಸೈಕಲ್ ತುಳಿಯಬಾರದು. ಗಂಡಸುತನವಾಗಲಿ, ಹೊಲದಲ್ಲಿ ದುಡಿಯುವ ಶಕ್ತಿಯಾಗಲಿ ಇದರಿಂದ ಕುಂದುವುದಿಲ್ಲ. ಆದರೆ ಫಲ ಆ ದಿನವೇ ದೊರೆಯದು. ಮೂರು ತಿಂಗಳು ನಿರೋಧ್ ಅಥವಾ ಬೇರೊಂದು ವಿಧಾನವನ್ನು ಬಳಸಿ, ಬಳಿಕ ವೀರ್ಯಪರೀಕ್ಷೆ ಮಾಡಿಸಿ, ಬೀಜಾಣುಗಳಿಲ್ಲವೆಂದು ವೈದ್ಯರು ಹೇಳಿದ ಮೇಲೆಯೇ ನಿಶ್ಚಿಂತರಾಗಬೇಕು. ಇನ್ನು ಮಕ್ಕಳು ಬೇಡವೆಂದು ಇಬ್ಬರೂ ನಿಶ್ಚಯಿಸಿದವರಿಗೆ ಮಾತ್ರ ಇದು ತಕ್ಕುದು. ಮಕ್ಕಳ ನಡುವೆ ಅಂತರ ಬಯಸುವವರಿಗೆ ಬೇರೆ ವಿಧಾನಗಳಿವೆ, ಆಶಾ ಕಾರ್ಯಕರ್ತೆಯನ್ನು ಕೇಳಿರಿ.

ಹೆಂಡತಿಯೇ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವುದೆಂದು ಇಬ್ಬರೂ ಕೂಡಿ ತೀರ್ಮಾನಿಸಿದರೆ, ಆಕೆಗೂ ಎರಡು ದಿನ ಪೂರ್ತಿ ವಿಶ್ರಾಂತಿ ಬೇಕು, ವಾರದ ತನಕ ಭಾರ ಎತ್ತಬಾರದು. ಆ ಒಂದು ವಾರ ನೀರಿನ ಕೊಡವನ್ನು ತರುವವರು ಯಾರು, ಹಸುವಿಗೆ ಹುಲ್ಲು ಹಾಕುವವರು ಯಾರು, ಒಲೆಯ ಮುಂದೆ ಕೂರುವವರು ಯಾರು ಎಂಬುದನ್ನು ಆಸ್ಪತ್ರೆಗೆ ಹೊರಡುವ ಮುನ್ನವೇ ಮನೆಯಲ್ಲಿ ಗೊತ್ತುಮಾಡಿಕೊಳ್ಳಿರಿ.